ಹೆಸರು ಹಾಕಿಸಿದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರಿನ ಮೇಲೆ ಹೆಸರು ಹಾಕಿಸಿದ್ದಾರೆ. ಕಂಪನಿಯ ಹೆಸರಲ್ಲ, ಅದು ಎಲ್ಲರ ಮನೆಯದಕ್ಕೂ ಇರುತ್ತದೆ. ಮದುವೆಗೆ ಕೊಡುವ ಸ್ಟೀಲಿನ ಕೊಡ, ಪರಾತಗಳ ಮೇಲೆ ಪಾತ್ರೆ ಅಂಗಡಿಯವರು ಗುರ್ರೆನ್ನುವ ಮಷಿನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಕೊರೆದು ಕೊಡುತ್ತಾರಲ್ಲ, ಆ ಥರದ ಹೆಸರು. ಸಿಪಿಯು ಡಬ್ಬಿಯ ಮಗ್ಗುಲಿನ ಕಪ್ಪು ತಗಡಿನ ಮೇಲೆ, ಬಲ ಅಂಚಿನ ಕಡೆಗೆ, ಒಂದರ ಕೆಳಗೊಂದು ನಾಲ್ಕು ಸಾಲು: ಚಿ. ಸೌ. ಕರುಣಾ, ಮಾಣಿಕಪ್ಪ, ತುಳಜಾಬಾಯಿ, ಚಿಮ್ಮನಚೋಡ. ಕರುಣಾ ನನ್ನ ಹೆಂಡತಿ. ಮಾಣಿಕಪ್ಪ, ತುಳಜಾಬಾಯಿ ನನ್ನ ಮಾವ ಮತ್ತು ಅತ್ತೆ. ಚಿಮ್ಮನಚೋಡ ಅವರ ಊರು. ನಾನು ಸಂಘಪಾಲ, ವಾಡಿಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರ. ನನ್ನ ಹೆಸರು ಆ ತಗಡಿನ ಮೇಲೆ ಎಲ್ಲೂ ಇಲ್ಲ. ಮುಂದೆ ಏನೇನಾಗುತ್ತದೆಂದು ಮಾವನಿಗೆ ಮೊದಲೇ ಅಂದಾಜು ಸಿಕ್ಕಿತ್ತೋ ಏನೋ.

ಮದುವೆ ಗೊತ್ತಾದಾಗ ಎಲ್ಲರ ಮನೆಯಂತೆ ಅವರ ಮನೆಯಲ್ಲೂ ಅಲಮಾರಿ, ಮಂಚದ ಮಾತು ಬಂತು. ಕರುಣಾ ತನಗೆ ಅಲಮಾರಿ ಬೇಡ, ಕಂಪ್ಯೂಟರ್ ಬೇಕು ಎಂದಳಂತೆ. ಮಾವ ಜೀವನವಿಡೀ ಬೇರೆಯವರ ಹೊಲದಲ್ಲಿ ದುಡಿದವರು. ಕಂಪ್ಯೂಟರ್ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂದು ಒಂದು ಮಾತೂ ಕೇಳದೆ ಅತ್ತೆಯ ಜೊತೆ ಕಲಬುರಗಿಗೆ ಹೋಗಿ, ಅಂಗಡಿಯಲ್ಲಿ ಎಲ್ಲ ಜೋಡಿಸಿಯೇ ಮಾರುವ ಕಂಪನಿ ಕಂಪ್ಯೂಟರನ್ನು ಹೊತ್ತು ತಂದರು. ಅತ್ತೆಗೆ ಮಾತ್ರ ಒಂದು ಕೊರತೆ ಕಂಡಿತು. ಹೆಸರು ಹಾಕಿಸದ ಸಾಮಾನನ್ನು ಮಗಳಿಗೆ ಹೇಗೆ ಕೊಡುವುದು? ಚಿಂಚೋಳಿಯಲ್ಲಿ ಬಸ್ಸಿಳಿದವರೇ ಡಬ್ಬಿಯನ್ನು ಸೀದಾ ಪಾತ್ರೆ ಅಂಗಡಿಗೆ ಹೊರಿಸಿದರು.

“ಇದು ಭಾಂಡಿ ಅಲ್ರೀ ಯವ್ವ, ಕರೆಂಟಿನ ಸಾಮಾನ ಅದ,” ಎಂದನಂತೆ ಅಂಗಡಿಯವನು.

“ತಗಡೇ ಅದ ಇಲ್ಲೋ? ಬರಿ ಸುಮ್ಮ,” ಎಂದರಂತೆ ಅತ್ತೆ.

ಕೊಡದ ಕಂಠದ ಇಕ್ಕಟ್ಟಿನಲ್ಲಿ ಬರೆದು ಬರೆದು ಬೇಸತ್ತಿದ್ದ ಆ ಮನುಷ್ಯ, ಇಷ್ಟು ವಿಶಾಲವಾದ ತಗಡು ಸಿಕ್ಕ ಖುಷಿಗೆ ಎರಡು ಬೆರಳು ಎತ್ತರದ ಅಕ್ಷರ ಕೊರೆದ. ಸಾಲಿನಿಂದ ಸಾಲಿಗೆ ಅಂಗೈಯಷ್ಟು ಜಾಗ ಬಿಟ್ಟ. ಮದುವೆ ಮಂಟಪದಲ್ಲಿ ನನ್ನ ಗೆಳೆಯರು ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ. ಕರುಣಾ ನಗಲಿಲ್ಲ.

ಮಾವ ತೀರಿಕೊಂಡ ಮೇಲೆ ಆ ಹೆಸರು ನಗುವ ವಸ್ತುವಾಗಿ ಉಳಿಯಲಿಲ್ಲ. ಅವರದೊಂದು ನೆಟ್ಟಗಿನ ಫೋಟೋ ಇಲ್ಲ. ಇರುವ ಒಂದರಲ್ಲಿ ಯಾರದೋ ಮದುವೆಯ ಪಂಕ್ತಿಯಲ್ಲಿ ಅರ್ಧ ಮುಖ ತಿರುಗಿಸಿ ಊಟ ಮಾಡುತ್ತಿದ್ದಾರೆ. ಅತ್ತೆ ನಮ್ಮಲ್ಲಿಗೆ ಬಂದಾಗಲೆಲ್ಲ ಕಾಲು ತೊಳೆದು ಬಂದು ಮೊದಲು ಕೂರುವುದು ಆ ಕಂಪ್ಯೂಟರಿನ ಮಗ್ಗುಲಲ್ಲಿ. ಸೆರಗಿನ ತುದಿಯಿಂದ ತಗಡು ಒರೆಸುತ್ತಾರೆ, ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ಸುಮ್ಮನಿರುತ್ತಾರೆ, ಆಮೇಲೆ ಚಹಾ ಕೇಳುತ್ತಾರೆ.

ತೊಂದರೆ ಏನೆಂದರೆ ಡಬ್ಬಿಯ ಹೊರಗೆ ಇಷ್ಟೆಲ್ಲ ಮರ್ಯಾದೆ ಇದ್ದರೂ ಒಳಗೆ ಜೀವ ಇರಲಿಲ್ಲ. ಕರುಣಾ ಮನೆಯಲ್ಲೇ ಕುಳಿತು ಲಗ್ನಪತ್ರಿಕೆ, ಬ್ಯಾನರು ಮಾಡುತ್ತಾಳೆ. ವಾಡಿಯಿಂದ ಗುಂಡಗುರ್ತಿಯ ತನಕ ಅವಳ ಕೈಕೆಲಸಕ್ಕೆ ಹೆಸರಿದೆ. ಬಾಬಾಸಾಹೇಬರ ಜಯಂತಿ ಹತ್ತಿರ ಬಂದರೆ ಊರೂರಿನ ಹುಡುಗರು ಬ್ಯಾನರಿಗಾಗಿ ನಮ್ಮ ಬಾಗಿಲಲ್ಲೇ ಇರುತ್ತಾರೆ. ದೊಡ್ಡ ಬ್ಯಾನರಿನ ಫೈಲು ತೆರೆಯಲು ಕೊಟ್ಟು ಅವಳು ಅಡುಗೆಮನೆಗೆ ಹೋದರೆ, ಬೇಳೆ ಬೆಂದು ಒಗ್ಗರಣೆ ಬಿದ್ದ ಮೇಲೂ ಪರದೆಯ ಮೇಲೆ ಆ ಚಕ್ರ ಸುತ್ತುತ್ತಲೇ ಇರುತ್ತಿತ್ತು.

“ಹೊಸದು ತಗೊಳ್ಳೋಣ,” ಎಂದೆ.

“ಒಳಗಿಂದು ಏನರ ಮಾಡ್ರಿ. ಡಬ್ಬಿ ಮಾತ್ರ ಇದೇ ಇರಬೇಕು. ಅವ್ವ ಬಂದ್ರ ಎಲ್ಲಿ ಕುಂದರ್ತಾಳ?” ಎಂದಳು ಕರುಣಾ.

ಇಷ್ಟೇ ಅವಳ ಷರತ್ತು. ಅಪ್ಪನ ಹೆಸರಿರುವ ತಗಡು ಹಾಗೇ ಇರಬೇಕು, ಉಳಿದದ್ದು ನನಗೆ ಬಿಟ್ಟದ್ದು. ಇಂಥ ಷರತ್ತನ್ನು ಬೇರೆ ಯಾರಿಗೆ ಹಾಕಿದ್ದರೂ ನಡೆದುಹೋಗುತ್ತಿತ್ತು.

ತಿಳಿದವರ ಕೈಗೆ ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ನಾನು ಫೋನಿನಲ್ಲಿ ವಿಡಿಯೋ ನೋಡಿದ್ದೆ. ಒಬ್ಬ ಮನುಷ್ಯ ಹಾಡು ಗುನುಗುತ್ತ, ಹಲ್ಲುಜ್ಜುವಷ್ಟು ಸಲೀಸಾಗಿ ಹಳೆಯ ಕಂಪ್ಯೂಟರನ್ನು ಬಿಚ್ಚಿ ಹೊಸದು ಮಾಡುತ್ತಿದ್ದ. ಗಣಿತ ಕಲಿಸುವವನಿಗೆ ಇದೇನು ದೊಡ್ಡದು ಅನ್ನಿಸಿತು. ಈ ಅನಿಸಿಕೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಕೆಟ್ಟಿದೆ. ಮಿಕ್ಸರ್ ಹಾಗೆಯೇ ಹೋಯಿತು, ಹಾಲ್‌ನ ಕರೆಗಂಟೆ ಹಾಗೆಯೇ ಹೋಯಿತು.

ಶಹಾಬಾದಿನಲ್ಲಿ ಬಂದೇಅಲಿಯವರ ಅಂಗಡಿಗೆ ಹೋದೆ. ಅವರು ಕಂಪ್ಯೂಟರಿನ ಬಿಡಿಭಾಗ ಮಾರುವವರು. ನಾನು ಬೇಕಾದ್ದನ್ನು ಹೇಳಿದೆ: ಹೊಸ ಮದರ್‌ಬೋರ್ಡು, ಪ್ರೊಸೆಸರು, ರ್‍ಯಾಮು, ಫೈಲು ಬೇಗ ತೆರೆಯುವ ಹೊಸ ನಮೂನೆಯ ಡಿಸ್ಕು. ಹಳೆಯದರಲ್ಲಿ ಉಳಿಸಿಕೊಳ್ಳುವುದು ಹಳೆಯ ಹಾರ್ಡ್‌ಡಿಸ್ಕು, ಮಾನಿಟರು, ಕೀಬೋರ್ಡು ಮತ್ತು ಡಬ್ಬಿ.

“ಡಬ್ಬಿ ಬಿಟ್ಟುಬಿಡ್ರಿ ಸರ್. ಕಂಪನಿ ಡಬ್ಬಿ ಭಾಳ ಕಿರಿಕಿರಿ. ಅದ್ರ ಬಟನ್ ಬ್ಯಾರೆ, ಸಪ್ಲೈ ಬ್ಯಾರೆ, ಒಳಗ ಹವಾನೇ ಆಡಲ್ಲ. ಹೊಸ ಡಬ್ಬಿ ತಗೋರಿ, ಆರಾಮ ಕುಂದರ್ತದ,” ಎಂದರು ಬಂದೇಅಲಿ.

“ಡಬ್ಬಿ ಬದಲಿ ಮಾಡಂಗಿಲ್ಲ. ಅದರ ಮ್ಯಾಲ ನಮ್ಮ ಮಾವನ ಹೆಸರು ಅದ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. “ನಿಮ್ಮ ಮಾವನೋರು ಕಂಪನಿ ಮಾಲಕರೇನ್ರಿ?” ಎಂದು ಕೇಳಿದರು. ಹೌದೆಂದು ಹೇಳಿ ಬರುವ ಆಸೆ ಆಯಿತು.

ಮನೆಗೆ ಬಂದು ಡಬ್ಬಿ ಬಿಚ್ಚಿದೆ. ಸಿಮೆಂಟಿನ ಲಾರಿಗಳು ಓಡಾಡುವ ರಸ್ತೆಯ ಮಗ್ಗುಲಲ್ಲಿ ನಮ್ಮ ಮನೆ. ಒಳಗಿದ್ದ ಧೂಳಿನಲ್ಲಿ ಸಣ್ಣದೊಂದು ಕಟ್ಟೆ ಕಟ್ಟಬಹುದಿತ್ತು. ಅದನ್ನು ಬಳಿದು, ಹಳೆಯ ಮದರ್‌ಬೋರ್ಡನ್ನು ಕಿತ್ತು, ಹೊಸದನ್ನು ಇಟ್ಟರೆ ಸ್ಕ್ರೂಗಳ ತೂತು ಕೆಲವು ಕೂಡಿದವು, ಕೆಲವು ಕೂಡಲಿಲ್ಲ. ಕೂಡಿದಷ್ಟಕ್ಕೆ ಸ್ಕ್ರೂ ಹಾಕಿದೆ. ಹಳೆಯ ಪವರ್ ಸಪ್ಲೈಯ ಪ್ಲಗ್ಗು ಹೊಸ ಬೋರ್ಡಿನ ಮುಖವನ್ನೂ ನೋಡಲು ಒಪ್ಪಲಿಲ್ಲ. ಮತ್ತೆ ಶಹಾಬಾದಿಗೆ ಹೋದೆ. ಬಂದೇಅಲಿ ಏನೂ ಅನ್ನದೆ ಹೊಸ ಸಪ್ಲೈ ಕೊಟ್ಟರು. ಏನೂ ಅನ್ನದಿದ್ದದ್ದೇ ನನಗೆ ಚುಚ್ಚಿತು.

ಆಮೇಲೆ ಬಟನ್ನಿನ ಸರದಿ. ಡಬ್ಬಿಯ ಮುಂದಿನ ಪವರ್ ಬಟನ್ನಿನ ತಂತಿ ಹೊಸ ಬೋರ್ಡಿಗೆ ಯಾವ ಕಡೆಯಿಂದಲೂ ಹೊಂದಲಿಲ್ಲ. ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸಿದರೆ ಮಾತ್ರ ಕಂಪ್ಯೂಟರ್ ಚಾಲೂ ಆಗುತ್ತಿತ್ತು. ಹೆಂಡತಿಗೆ ದಿನಾ ಸ್ಕ್ರೂಡ್ರೈವರ್ ಹಿಡಿದು ಕೆಲಸ ಶುರು ಮಾಡು ಎನ್ನುವುದು ಹೇಗೆ? ಯೋಚಿಸಿ, ಕೆಟ್ಟು ಬಿದ್ದಿದ್ದ ಕರೆಗಂಟೆಯ ಗುಂಡಿಯನ್ನು ಬಾಗಿಲ ಪಕ್ಕದಿಂದ ಕಿತ್ತು ತಂದು ಡಬ್ಬಿಯ ನೆತ್ತಿಗೆ ಅಂಟಿಸಿ ತಂತಿ ಕೂಡಿಸಿದೆ. ಒತ್ತಿದೆ. ಕಂಪ್ಯೂಟರ್ ಎದ್ದಿತು. ಗಂಟೆಯ ಚಿತ್ರವಿರುವ ಬಿಳಿಯ ಗುಂಡಿ ಒತ್ತಿ ಕಂಪ್ಯೂಟರ್ ಹಚ್ಚುವ ಮನೆ ಈ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು ಎಂದು ಹೆಮ್ಮೆಪಟ್ಟೆ.

“ಯಾರ ಬಂದಾರ ನೋಡ್ರಿ,” ಎಂದು ಕರುಣಾ ಅಡುಗೆಮನೆಯಿಂದ ಅಣಕಿಸಿದಳು.

ಆದರೆ ಬ್ಯಾನರಿನ ಫೈಲು ತೆರೆದಾಗ ಅವಳ ಮುಖ ನೋಡಬೇಕಿತ್ತು. ಒತ್ತಿದ್ದೇ ತಡ, ತೆರೆದು ನಿಂತಿತು. ಅವಳು ಮುಚ್ಚಿ ಮತ್ತೆ ತೆರೆದಳು, ಮತ್ತೆ ಮುಚ್ಚಿ ಮತ್ತೆ ತೆರೆದಳು. “ಖರೇ ಛಲೋ ಮಾಡೀರಿ,” ಎಂದಳು. ನನ್ನ ಮದುವೆಯಾದ ಮೇಲೆ ಮನೆ ರಿಪೇರಿಯ ವಿಷಯದಲ್ಲಿ ಈ ಮಾತು ಕೇಳಿದ್ದು ಅದೇ ಮೊದಲು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬಂದೇಅಲಿ ಹೇಳಿದಂತೆ ಒಳಗೆ ಹವಾ ಆಡುತ್ತಿರಲಿಲ್ಲ. ಏಪ್ರಿಲ್ ತಿಂಗಳು, ವಾಡಿಯ ಬಿಸಿಲು. ಮಧ್ಯಾಹ್ನ ಸ್ವಲ್ಪ ಹೊತ್ತು ಕೆಲಸ ಮಾಡಿದರೆ ಪ್ರೊಸೆಸರು ಕಾದು ಕಂಪ್ಯೂಟರ್ ತಾನೇ ಆರಿಹೋಗುತ್ತಿತ್ತು. ಜಯಂತಿಯ ಬ್ಯಾನರುಗಳು ಬಾಕಿ. ಮಗ್ಗುಲಿನ ತಗಡು ತೆಗೆದಿಟ್ಟರೆ ಆರುತ್ತಿರಲಿಲ್ಲ, ಆದರೆ ತಗಡು ತೆಗೆದಿಟ್ಟರೆ ಹೆಸರೂ ತೆಗೆದಿಟ್ಟಂತೆ. ಅದೂ ಅಲ್ಲದೆ ಲಾರಿಯ ಧೂಳು ನೇರ ಒಳಕ್ಕೆ. ಅತ್ತೆ ಬೇರೆ ಜಯಂತಿಗೆ ಬರುವವರಿದ್ದರು.

ನನಗೆ ಉಪಾಯ ಹೊಳೆಯಿತು. ಹಳೆಯ ಪವರ್ ಸಪ್ಲೈಯ ಒಳಗೆ ಅಂಗೈಯಗಲದ ಒಂದು ಫ್ಯಾನಿತ್ತು. ಅದನ್ನು ಬಿಚ್ಚಿ ತೆಗೆದು, ಮಗ್ಗುಲಿನ ತಗಡಿಗೆ ಪ್ರೊಸೆಸರಿನ ಎದುರಿಗೆ ಸರಿಯಾಗಿ ಒಂದು ದುಂಡನೆಯ ತೂತು ಕೊರೆಸಿ ಕೂರಿಸಿದರೆ ಆಯಿತು. ಪ್ರೊಸೆಸರು ಇರುವುದು ಡಬ್ಬಿಯ ಹಿಂಭಾಗದ ಕಡೆ, ಹೆಸರು ಇರುವುದು ಮುಂಭಾಗದ ಕಡೆ. ಹೆಸರಿಗೆ ಏನೂ ಆಗುವುದಿಲ್ಲ. ಕರುಣಾಗೂ ತೋರಿಸಿದೆ. ಅವಳು ಬೆರಳಿಟ್ಟು, “ಇಲ್ಲಿ ತೂತು, ಇಲ್ಲಿ ಅಪ್ಪ. ನಡುವ ಇಷ್ಟು ಜಾಗಾ ಅದ,” ಎಂದು ಖಾತ್ರಿ ಮಾಡಿಕೊಂಡಳು.

ತಗಡು ಕಳಚಿ, ಒಳಮೈ ಮೇಲೆ ಬರುವಂತೆ ನೆಲದ ಮೇಲೆ ಮಲಗಿಸಿ, ತೂತಿನ ನಡುಬಿಂದು ಬಲ ಅಂಚಿನಿಂದ ಎಷ್ಟು, ಮೇಲಿನ ಅಂಚಿನಿಂದ ಎಷ್ಟು ಎಂದು ಅಳೆದು ಮನಸ್ಸಿನಲ್ಲಿ ಇಟ್ಟುಕೊಂಡೆ. ಹೆಸರಿಗೆ ದಾರಿಯಲ್ಲಿ ಗೀರು ಬಿದ್ದರೆ ಎಂದು ಹೊರಮೈಗೆ ಪೂರ್ತಿ ಹಳೆಯ ಪೇಪರು ಅಂಟಿಸಿದೆ. ಒಂದು ಪದರ ಸಾಲದೆಂದು ಮೇಲೊಂದು ಪದರ ಅಂಟಿಸಿದೆ. ನನ್ನ ಜನ್ಮದಲ್ಲಿ ಯಾವುದನ್ನೂ ಅಷ್ಟು ಜೋಪಾನ ಮಾಡಿರಲಿಲ್ಲ.

ಶಹಾಬಾದಿನಲ್ಲಿ ರಾಜರತ್ನ ನನ್ನ ಜೊತೆ ಓದಿದವನು. ಕಲ್ಲು ಪಾಲಿಶ್ ಮಾಡುವ ಘಟಕ ನಡೆಸುತ್ತಾನೆ. ಕೈ ತೊಳೆಯುವ ಬೇಸಿನ್ನಿಗೆ, ನಳಕ್ಕೆ ಎಂದು ನೆಲಕ್ಕೆ ಹಾಸುವ ಪರಸಿ ಕಲ್ಲಿನಲ್ಲಿ ದುಂಡನೆಯ ತೂತು ಕೊರೆಯುವ ದೊಡ್ಡ ಮಷಿನ್ನು ಅವನಲ್ಲಿದೆ. ತಗಡು ನೋಡಿ, “ಕಲ್ಲೇ ಕಡೀತೀವಿ, ಇದೇನು ಮಹಾ,” ಎಂದ. “ಹೊರಮೈ ಮ್ಯಾಲ ಮಾಡಿ ಇಡು. ಮ್ಯಾಲಿಂದ ಕೊರದ್ರ ಅಂಚು ಛಂದ ಬರ್ತದ.”

ಹೊರಮೈ ಮೇಲೆ ಮಾಡಿ ಇಟ್ಟೆ. ಪೇಪರಿನ ಮೇಲೆ ಸ್ಕೇಲಿಟ್ಟು, ಬಲ ಅಂಚಿನಿಂದ ಇಷ್ಟು, ಮೇಲಿನಿಂದ ಇಷ್ಟು ಎಂದು ಅಳೆದು ಪೆನ್ಸಿಲಿನಿಂದ ದುಂಡು ಗುರುತು ಹಾಕಿದೆ.

“ಜಾಗಾ ಇದೇ ಏನಪಾ? ಖರೇ ನೋಡು. ಒಮ್ಮಿ ಕೊರದ್ರ ಮುಗೀತು,” ಎಂದ ರಾಜರತ್ನ.

“ಏ, ನಾ ಗಣಿತದ ಮಾಸ್ತರ ಇದ್ದೀನೋ ಮಾರಾಯ,” ಎಂದೆ.

ಮಷಿನ್ನು ಇಳಿಯಿತು. ಕಲ್ಲು ಕೊರೆಯುವಾಗ ಹಾಕುವಂತೆ ಒಬ್ಬರು ನೀರು ಬಿಡುತ್ತಿದ್ದರು. ಕಿವಿ ಹರಿದುಹೋಗುವ ಸದ್ದಾಯಿತು, ನಿಂತಿತು. ದುಂಡನೆಯ ತಗಡಿನ ಬಿಲ್ಲೆ ಕೆಳಗೆ ಬಿತ್ತು. ನೆನೆದ ಪೇಪರು ಅದರ ಮೇಲಿಂದ ತಾನೇ ಜಾರಿತು. ನಾನು ಎತ್ತಿಕೊಂಡು ನೋಡಿದೆ. ನಡುಮಧ್ಯದಲ್ಲಿ, ಒಂದು ಚುಕ್ಕಿಯೂ ಕೆಡದೆ, ‘ಮಾಣಿಕಪ್ಪ’ ಎಂದು ಬರೆದಿತ್ತು.

ತಗಡನ್ನು ಮಗುಚಿದರೆ ಬಲ ಅಂಚು ಎಡಕ್ಕೆ ಹೋಗುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವುದನ್ನು ಹಲಗೆಯ ಮೇಲೆ ಗೆರೆ ಎಳೆದು, ಹಾಳೆ ಮಡಚಿ ತೋರಿಸಿ ಕಲಿಸುತ್ತೇನೆ. ತಪ್ಪು ಮಾಡಿದ ಹುಡುಗರಿಗೆ ‘ಕಣ್ಣು ಎಲ್ಲಿಟ್ಟಿದ್ದೀ?’ ಎಂದು ಬೈಯುತ್ತೇನೆ. ನನ್ನ ಕಣ್ಣು ಎರಡು ಪದರ ಪೇಪರಿನ ಮೇಲಿತ್ತು. ಅಷ್ಟು ಜೋಪಾನ ಮಾಡದೆ ಹೆಸರನ್ನು ಹಾಗೇ ಬಿಟ್ಟಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು. ಮಾವನನ್ನು ಮಣ್ಣು ಮಾಡಿ ಬಂದ ದಿನವೂ ಇಷ್ಟು ಸಂಕಟ ಆಗಿರಲಿಲ್ಲ ಎಂದರೆ ತಪ್ಪು ತಿಳಿಯಬೇಡಿ. ಅವತ್ತು ಅದು ನನ್ನ ಕೈಯಿಂದ ಆದದ್ದಾಗಿರಲಿಲ್ಲ.

ರಾಜರತ್ನ ಓದಿ ನೋಡಿದ. ನಗಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ. “ಅಂಚು ಹರಿತ ಅದ, ಕೈ ಕೊಯ್ತದ,” ಎಂದು ಬಿಲ್ಲೆಯನ್ನು ತೆಗೆದುಕೊಂಡು ಪಾಲಿಶ್ ಚಕ್ರಕ್ಕೆ ಹಿಡಿದು ಸುತ್ತಲೂ ನುಣುಪು ಮಾಡಿ ಕೊಟ್ಟ.

ವಾಡಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಸುಳ್ಳು ಯೋಚಿಸಿದೆ. ಮಷಿನ್ನು ಜಾರಿತು ಎನ್ನಲೇ? ರಾಜರತ್ನನ ಮೇಲೆ ಹಾಕಲೇ? ಚಿತ್ತಾಪುರದ ಪಾತ್ರೆ ಅಂಗಡಿಗೆ ಹೋಗಿ ಇನ್ನೊಂದು ಕಡೆ ಹೊಸದಾಗಿ ಬರೆಸಿಬಿಡಲೇ? ಬರೆಸಬಹುದು, ಆದರೆ ಅದು ಮಾವ ಎದುರಿಗೆ ನಿಂತು ಬರೆಸಿದ್ದು ಆಗುವುದಿಲ್ಲ. ಮನೆ ಬಾಗಿಲಿಗೆ ಬರುವ ಹೊತ್ತಿಗೆ ಬಹಳ ಒಳ್ಳೆಯ ಸುಳ್ಳೊಂದು ಸಿದ್ಧವಾಗಿತ್ತು. ಕರುಣಾ ಬಾಗಿಲು ತೆರೆದು ನನ್ನ ಮುಖ ನೋಡಿದಳು. ಸುಳ್ಳು ಮರೆತುಹೋಯಿತು.

ತಗಡನ್ನೂ ಬಿಲ್ಲೆಯನ್ನೂ ಕೈಗೆ ಕೊಟ್ಟೆ.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬಿಲ್ಲೆಯನ್ನು ತೂತಿಗೆ ಇಟ್ಟು ನೋಡಿದಳು. ಅದು ನಿಲ್ಲದೆ ಆಚೆ ಬಿತ್ತು. ಮತ್ತೊಮ್ಮೆ ಇಟ್ಟಳು.

“ಇದೊಂದೇ ಹೇಳಿದ್ದೆ ನಿಮಗ,” ಎಂದಳು. “ಒಳಗಿಂದು ಏನರ ಮಾಡ್ರಿ ಅಂದಿದ್ದೆ.”

“ತಪ್ಪಾತು.”

“ನಾಳೆ ಅವ್ವ ಬರ್ತಾಳ. ನಾ ಹೇಳಂಗಿಲ್ಲ. ನೀವೇ ಹೇಳ್ರಿ.”

ಬಿಲ್ಲೆಯನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ಬ್ಯಾನರುಗಳು ಬಾಕಿ ಇದ್ದುದರಿಂದ ಬೇರೆ ದಾರಿಯಿಲ್ಲದೆ ಆ ತೂತಿಗೇ ಫ್ಯಾನು ಕೂರಿಸಿ ತಗಡು ಮುಚ್ಚಿದೆ. ತೂತು ಪ್ರೊಸೆಸರಿನ ಎದುರಿಗೆ ಇರಲಿಲ್ಲ. ಎಂದೂ ಸೆಕೆ ಎಂದು ದೂರು ಹೇಳದ ಹಳೆಯ ಹಾರ್ಡ್‌ಡಿಸ್ಕಿಗೆ ಗಾಳಿ ಬೀಸತೊಡಗಿತು. ಕೊನೆಗೆ ಕರುಣಾನೇ ಲಗ್ನಪತ್ರಿಕೆಯ ದಪ್ಪ ರಟ್ಟು ಮಡಚಿ, ಗಾಳಿ ಫ್ಯಾನಿನಿಂದ ಪ್ರೊಸೆಸರಿನ ತನಕ ಹೋಗುವ ಹಾಗೆ ಒಳಗೊಂದು ಕಾಲುವೆ ಮಾಡಿ ಅಂಟಿಸಿದಳು. ನನ್ನ ಜೊತೆ ಮಾತಾಡದೆಯೇ ಮಾಡಿದಳು. ಕಂಪ್ಯೂಟರ್ ಆರಲಿಲ್ಲ. ಅವತ್ತು ಸಂಜೆಯೊಳಗೆ ಗುಂಡಗುರ್ತಿಯ ಬ್ಯಾನರು ಮುಗಿಯಿತು. ಹೊಸ ಕಂಪ್ಯೂಟರಿನ ಮೊದಲ ಪೂರ್ತಿ ಕೆಲಸ ಅದು, ನಮ್ಮಿಬ್ಬರಿಗೂ ಸಂತೋಷವಾಗಲಿಲ್ಲ.

ಮರುದಿನ ಅತ್ತೆ ಚಿಂಚೋಳಿ ಬಸ್ಸಿಗೆ ಬಂದರು. ಒಂದು ಚೀಲ ತೊಗರಿಬೇಳೆ, ಒಂದು ಗಂಟು ಜೋಳದ ಹಿಟ್ಟು. ಬಸ್ ನಿಲ್ದಾಣದಿಂದ ಮನೆಯ ತನಕ ಅವುಗಳನ್ನು ಹೊತ್ತುಕೊಂಡು ಬರುತ್ತ ನಾನು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ‘ಅತ್ತಿ, ಒಂದು ಅನಾಹುತ ಆಗ್ಯಾದ’ ಎಂದು ಶುರುಮಾಡುವುದು, ಸೆಕೆಯ ವಿಷಯ ತರುವುದು, ಜಯಂತಿಯ ಕೆಲಸದ ಅವಸರ ಹೇಳುವುದು, ಕೊನೆಗೆ ಕಾಲು ಹಿಡಿಯುವುದು.

ಅವರು ಕಾಲು ತೊಳೆದು ಬಂದರು. ಗೋಡೆಯ ಮೇಲಿನ ಬುದ್ಧನಿಗೂ ಬಾಬಾಸಾಹೇಬರ ಫೋಟೋಕ್ಕೂ ಕೈ ಮುಗಿದರು. ಕಂಪ್ಯೂಟರಿನ ಮಗ್ಗುಲಲ್ಲಿ ಕೂತರು. ಕರುಣಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ಅತ್ತಿ...” ಎಂದೆ.

“ಇದೇನ ಅಳಿಯಾ, ಫ್ಯಾನ್ ಕೂಡಿಸೀರಿ?” ಎಂದು ಅತ್ತೆ ತೂತಿನ ಎದುರು ಕೈ ಹಿಡಿದು ನೋಡಿದರು. ಗಾಳಿ ಅವರ ಬೆರಳಿಗೆ ತಾಕಿತು. “ಛಲೋ ಮಾಡೀರಿ ನೋಡ್ರಿ. ಅವರಿಗಿ ಸೆಕಿ ಅಂದ್ರ ಆಗ್ತಿದ್ದಿಲ್ಲ. ಬ್ಯಾಸಿಗ್ಯಾಗ ಬೇವಿನ ಗಿಡದ ಬುಡಕ್ಕೇ ಇರೋರು. ಈಗ ಮಗ್ಗಲಕ್ಕೇ ಗಾಳಿ ಆತು.”

ಹಾಗೆಂದು ಸೆರಗಿನ ತುದಿ ತೆಗೆದುಕೊಂಡು ತಗಡು ಒರೆಸಿದರು. ಒರೆಸಿ, ಎಲ್ಲಕ್ಕಿಂತ ಕೆಳಗಿನ ಸಾಲಿನ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಕೆಳಗಿನ ಸಾಲು ಚಿಮ್ಮನಚೋಡ.

ನಾನು ಅವರು ಒರೆಸುವುದನ್ನು ಎಷ್ಟೋ ಸಲ ನೋಡಿದ್ದೆ, ಕೈ ಎಲ್ಲಿ ನಿಲ್ಲುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಅತ್ತೆಗೆ ಓದಲು ಬಾರದು. ಅವರ ವಯಸ್ಸಿನ ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ಬಾಯಿಂದ ಆಡುವುದೂ ಇಲ್ಲ. ಯಾರನ್ನಾದರೂ ಕೇಳಿ ತಿಳಿಯೋಣವೆಂದರೆ ಆ ಹೆಸರಿನ ಮಾತು ಎತ್ತಲೇಬೇಕು, ಅದಕ್ಕೂ ನಾಚಿಕೆ. ಹಾಗಾಗಿ ಕೇಳಿಲ್ಲ. ತಾವೇ ಒಂದನ್ನು ಆರಿಸಿಕೊಂಡು ನಂಬಿಬಿಟ್ಟಿದ್ದಾರೆ.

ಮೊದಲು ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ: ಬದುಕಿದೆ ಅನ್ನಿಸಿತು. ಅವರ ಗಂಡ, ಅಂದರೆ ನನ್ನ ಮಾವ, ಅಂದರೆ ಅವರು ಗಂಡನ ಹೆಸರೆಂದು ತಿಳಿದ ಸಾಲು ಹಾಗೇ ಇತ್ತು, ಗಾಳಿಯ ಉಪಚಾರ ಬೇರೆ ಸಿಕ್ಕಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಛಲೋ ಅಳಿಯ ಎಂಬ ಹೆಸರು ಊರೆಲ್ಲ ಹಬ್ಬುತ್ತಿತ್ತು. ಬಾಯಿಪಾಠ ಮಾಡಿದ್ದನ್ನು ನುಂಗಿದೆ.

ಆಮೇಲೆ ಕರುಣಾಳ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅವ್ವನ ಕೈಯನ್ನು ನೋಡುತ್ತಿದ್ದಳು. ಅವಳಿಗೂ ಈಗಲೇ ಗೊತ್ತಾಗಿತ್ತು. ಒಳಗೆ ಹೋದಳು. ಮತ್ತೆ ಬಂದು ಅವ್ವನ ಎದುರಿಗೆ ನೆಲದ ಮೇಲೆ ಕೂತಳು. ಅವ್ವನ ಇನ್ನೊಂದು ಕೈ ತೆಗೆದುಕೊಂಡು ಬಿಲ್ಲೆಯನ್ನು ಅಂಗೈಯಲ್ಲಿಟ್ಟಳು.

“ಅವ್ವಾ, ಅದು ಊರಿನ ಹೆಸರು,” ಎಂದಳು. “ಅಪ್ಪ ಇಲ್ಲಿ ಅದಾನ.”

ಅತ್ತೆ ಕಣ್ಣು ತೆರೆದು ಬಿಲ್ಲೆ ನೋಡಿದರು, ತಗಡು ನೋಡಿದರು, ಫ್ಯಾನು ಸುತ್ತುತ್ತಿದ್ದ ತೂತು ನೋಡಿದರು.

“ನಾನೇ ಕಡಿಸೀನ್ರಿ ಅತ್ತಿ,” ಎಂದೆ. ಬಾಯಿಪಾಠದ ಒಂದು ಸಾಲೂ ನೆನಪಿಗೆ ಬರಲಿಲ್ಲ. “ಅಳತಿ ತಪ್ಪಿದೆ. ಗಣಿತದ ಮಾಸ್ತರ ಆಗಿ ಎಡಾಬಲಾ ತಿಳೀಲಿಲ್ಲ.”

ಅವರು ನನ್ನ ಮಾತು ಕೇಳಿಸಿಕೊಂಡರೋ ಇಲ್ಲವೋ. ಬಿಲ್ಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ಚುಕ್ಕಿಗಳನ್ನು ಒಂದೊಂದಾಗಿ ಸವರುತ್ತಿದ್ದರು.

“ಇಷ್ಟೇನಾ?” ಎಂದರು.

“ಇಷ್ಟೇ ಅವ್ವ.”

“ಕಡೀ ಸಾಲು ಬರಿಯೋವಾಗ ಅವರು ನಕ್ಕಿದ್ರು. ತಮ್ಮ ಹೆಸರು ನೋಡಿ ನಗಾಕತ್ತಾರಂತ ತಿಳ್ಕೊಂಡೆ.” ಆಮೇಲೆ ಇದ್ದಕ್ಕಿದ್ದಂತೆ ಭುಜ ಕುಲುಕಿಸಿ ನಕ್ಕರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ನಗು ನಿಲ್ಲಲಿಲ್ಲ. “ಇಷ್ಟು ದಿನ ಊರ ಮೈ ಒರಸಿದಂಗಾತು ನಂದು. ಅವರು ಎಲ್ಲಿಂದರ ನೋಡಿದ್ರ ಏನಂದಿರಬೇಕು!”

ಕರುಣಾ ಅಳುತ್ತಿದ್ದಳು. ಎಲ್ಲರೂ ಅಳುವಾಗ ಆ ಕಂಪ್ಯೂಟರು ಮಾತ್ರ ತಣ್ಣಗೆ, ಎಷ್ಟೋ ವರ್ಷಗಳಲ್ಲಿ ಇಲ್ಲದಷ್ಟು ಚೆನ್ನಾಗಿ ನಡೆಯುತ್ತಿತ್ತು.

ಅತ್ತೆ ಮುಖ ಒರೆಸಿಕೊಂಡು ತಗಡಿನ ಕಡೆ ತಿರುಗಿದರು. “ನಂದು ಯಾವದು?” ಎಂದು ಕೇಳಿದರು.

ಕರುಣಾ ಅವರ ಬೆರಳು ಹಿಡಿದು ತೂತಿನ ಕೆಳಗಿನ ಸಾಲಿನ ಮೇಲೆ ಇಟ್ಟಳು. ತು, ಳ, ಜಾ, ಬಾ, ಯಿ ಎಂದು ಅಕ್ಷರ ಅಕ್ಷರವಾಗಿ ಬೆರಳು ನಡೆಸಿದಳು. ಅತ್ತೆ ಮತ್ತೊಮ್ಮೆ ತಾವೇ ನಡೆಸಿದರು.

“ಬಿಲ್ಲೆ ಬೇಕಾದ್ರ...” ಎಂದು ನಾನು ಏನೋ ಹೇಳಲು ಹೋದೆ. ಬಿಲ್ಲೆಯನ್ನು ಹೇಗಾದರೂ ಮಾಡಿ ವಾಪಸು ಅಲ್ಲೇ ಕೂರಿಸುತ್ತೇನೆ, ಬೆಸುಗೆ ಹಾಕಿಸುತ್ತೇನೆ, ಫ್ಯಾನನ್ನು ಬೇರೆ ಕಡೆ ಇಡುತ್ತೇನೆ ಎಂಬುದು ನನ್ನ ಮುಂದಿನ ಯೋಜನೆಯಾಗಿತ್ತು. ಕರುಣಾ ತಿರುಗಿ ನೋಡಿದ ರೀತಿಗೆ ಯೋಜನೆ ಅಲ್ಲೇ ನಿಂತಿತು.

ಅತ್ತೆ ಸೆರಗಿನ ತುದಿಯಲ್ಲಿ ಬಿಲ್ಲೆಯನ್ನಿಟ್ಟು ಗಂಟು ಹಾಕಿದರು. ಎಳೆದು ನೋಡಿ, ಮೇಲೊಂದು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ನಾ ಇಲ್ಲೇ ಇರ್ತೀನಿ, ಮಗಳ ಮನ್ಯಾಗ,” ಎಂದು ತಮ್ಮ ಹೆಸರಿನ ಮೇಲೆ ಕೈಯಾಡಿಸಿದರು. “ಇವರನ್ನ ಊರಿಗಿ ಕರ್ಕೊಂಡು ಹೋಗ್ತೀನಿ. ಅಲ್ಲಿ ಮನ್ಯಾಗ ನಾ ಒಬ್ಬಾಕಿನೇ ಆಗೀನಿ.”